ಗೋದಲಿಗೆ ಲೆಕ್ಕವಿದೆ, ಊಟದ ತಟ್ಟೆಗೂ ಇರಲಿ



ಪಶುವೈದ್ಯರಿಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಡಾಕ್ಟ್ರೇ, ಹಸು ಮೇವು ಬಿಟ್ಟಿದೆ." ಜ್ವರ ಎಷ್ಟಿದೆ, ಕೆಚ್ಚಲು ಹೇಗಿದೆ, ಸಗಣಿ ಹೇಗೆ ಹಾಕುತ್ತಿದೆ ಎಂಬುದೆಲ್ಲ ಆಮೇಲಿನ ಮಾತು. ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಮನೆಯವರಿಗೆ ಗೊತ್ತಾಗಿಬಿಡುತ್ತದೆ. ನಿನ್ನೆ ಎಷ್ಟು ತಿಂದಿತ್ತು, ಇವತ್ತು ಎಷ್ಟು ಉಳಿಸಿದೆ, ಮೆಲುಕು ಹಾಕುತ್ತಿದೆಯೋ ಇಲ್ಲವೋ ಎಂದು ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಹುಡುಗನವರೆಗೆ ಎಲ್ಲರೂ ಹೇಳುತ್ತಾರೆ. ಈ ನಿಗಾ ಇರುವುದರಿಂದಲೇ ಎಷ್ಟೋ ಹಸುಗಳು ಉಳಿದಿವೆ.

ಅದೇ ಮನೆಯಲ್ಲಿ ಹಾಲು ಕರೆಯುವ ಹೆಣ್ಣುಮಗಳು ನಿನ್ನೆ ರಾತ್ರಿ ಏನು ಊಟ ಮಾಡಿದರು, ಎಷ್ಟು ಮಾಡಿದರು ಎಂದು ಕೇಳಿ ನೋಡಿ. ಉತ್ತರ ಹೇಳುವವರು ಕಡಿಮೆ. ಅವರು ಉಣ್ಣುವ ಹೊತ್ತಿಗೆ ಉಳಿದವರೆಲ್ಲ ಎದ್ದು ಹೋಗಿರುತ್ತಾರೆ. ಅವರ ತಟ್ಟೆಯನ್ನು ಯಾರೂ ನೋಡಿರುವುದಿಲ್ಲ.

ಹೀಗಾಗಿ ಈ ಸಂಚಿಕೆಯಲ್ಲಿ ಹಸುವಿನ ಆಹಾರದ ಬದಲು ನಿಮ್ಮ ಮನೆಯ ಊಟದ ಬಗ್ಗೆ ಬರೆಯುತ್ತಿದ್ದೇನೆ. ಮನುಷ್ಯರ ಕಾಯಿಲೆಗೆ ಔಷಧಿ ಹೇಳುವುದು ಪಶುವೈದ್ಯಾಧಿಕಾರಿಯ ಕೆಲಸವಲ್ಲ, ಅದಕ್ಕೆ ನಿಮ್ಮ ವೈದ್ಯರಿದ್ದಾರೆ. ಆದರೆ ಕೊಟ್ಟಿಗೆಯಲ್ಲಿ ನಾವು ದಿನಾ ಪಾಲಿಸುವ ಆಹಾರದ ನಿಯಮಗಳಲ್ಲಿ ಬಹುಪಾಲು ಅಡುಗೆಮನೆಗೂ ಹೊಂದುತ್ತವೆ. ಅವು ನಿಮಗೆ ಈಗಾಗಲೇ ಗೊತ್ತಿವೆ. ಕೊಟ್ಟಿಗೆಯಿಂದ ಅಡುಗೆಮನೆಗೆ ತಂದರೆ ಸಾಕು.

ಹೊಟ್ಟೆ ತುಂಬಿದರೆ ಸಾಕೇ?

ಬರೀ ಒಣಹುಲ್ಲು ಹಾಕಿಯೂ ಹಸುವಿನ ಹೊಟ್ಟೆ ತುಂಬಿಸಬಹುದು. ಹಸು ಸುಮ್ಮನೆ ಮಲಗಿ ಮೆಲುಕು ಹಾಕುತ್ತದೆ, ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ನಾಲ್ಕು ವಾರದಲ್ಲಿ ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಗಬ್ಬ ಕಟ್ಟುವುದಿಲ್ಲ. ಅದಕ್ಕೇ ನೀವು ಒಣಮೇವಿನ ಜೊತೆ ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ ಕೊಡುತ್ತೀರಿ. ಹಸಿರು ಮೇವಿನಲ್ಲೂ ಜೋಳದಂಥ ಏಕದಳದ ಜೊತೆ ಅಲಸಂದೆ, ಕುದುರೆ ಮಸಾಲೆಯಂಥ ದ್ವಿದಳ ಇರಲಿ ಎಂದು ನಾವು ಹೇಳುತ್ತಲೇ ಇರುತ್ತೇವೆ.

ಈಗ ತಟ್ಟೆಯನ್ನು ನೋಡೋಣ. ಅನ್ನ, ಮುದ್ದೆ, ರೊಟ್ಟಿ ಇವೆಲ್ಲ ಏಕದಳ. ಬೇಳೆ, ಅವರೆ, ಹುರುಳಿ, ಹೆಸರು, ಅಲಸಂದೆ ಇವು ದ್ವಿದಳ. ಧಾನ್ಯದ ಪ್ರೋಟೀನಿನಲ್ಲಿ ಏನು ಕಡಿಮೆಯೋ ಅದು ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಕಾಳು ಪಲ್ಯ ಎಂದು ನಮ್ಮ ಹಿರಿಯರು ಜೋಡಿ ಮಾಡಿದ್ದು ರುಚಿಗೆ ಮಾತ್ರವಲ್ಲ, ಮೈಗೂ ಹೊಂದುವ ಜೋಡಿ ಅದು. ಸೊಪ್ಪು, ತರಕಾರಿ ನಮ್ಮ ಹಸಿರು ಮೇವು ಇದ್ದಂತೆ. ಹಾಲು, ಮೊಸರು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ ಇವು ಮೇಲಿನ ಬಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದಕ್ಕೊಂದು ಲೆಕ್ಕ ಹಾಕಿ ಕೊಟ್ಟಿದೆ. ದಿನಕ್ಕೆ 2000 ಕಿಲೋ ಕ್ಯಾಲೊರಿ ಬೇಕಾದ ವ್ಯಕ್ತಿಗೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು ಸುಮಾರು 85 ಗ್ರಾಂ, ಸೊಪ್ಪು ತರಕಾರಿ ಹಣ್ಣು ಎಲ್ಲ ಸೇರಿ 500 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ ಲೀಟರ್. ಕಡಲೆಕಾಯಿ, ಎಳ್ಳಿನಂಥವು ಒಂದು ಹಿಡಿ. ಮೈಮುರಿದು ದುಡಿಯುವ ನಿಮಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು. ಆದರೆ ಪ್ರಮಾಣ ಗಮನಿಸಿ. ಧಾನ್ಯದ ಮೂರನೇ ಒಂದು ಭಾಗದಷ್ಟು ಕಾಳು, ಎರಡರಷ್ಟು ಸೊಪ್ಪು, ತರಕಾರಿ, ಹಣ್ಣು. ನಮ್ಮ ಬಹಳಷ್ಟು ಮನೆಗಳಲ್ಲಿ ಈಗ ಇರುವುದು ಅನ್ನದ ರಾಶಿ, ಅದರ ಮೇಲೆ ತಿಳಿಸಾರು, ಪಕ್ಕದಲ್ಲಿ ಉಪ್ಪಿನಕಾಯಿ. ಇದು ಒಣಹುಲ್ಲಿನಲ್ಲಿ ಹೊಟ್ಟೆ ತುಂಬಿಸಿದ ಹಾಗೆ.

ಒಂದು ಉದಾಹರಣೆ ಹೇಳುತ್ತೇನೆ. ಹಬ್ಬ, ಮದುವೆ ಕಳೆದ ಮಾರನೆಯ ದಿನ ಉಳಿದ ಅನ್ನ, ಪಾಯಸವನ್ನು ಹಸುವಿಗೆ ಸುರಿದು, ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಹಸು ಮಲಗಿಬಿಟ್ಟ ಸುದ್ದಿ ಪ್ರತಿ ಊರಲ್ಲೂ ಇದೆ. ಹೀಗೆ ಸತ್ತ ಹಸುಗಳೂ ಇವೆ. ಪಿಷ್ಟ ಒಮ್ಮೆಲೇ ಹೆಚ್ಚಾದರೆ ಮೆಲುಕು ಹಾಕುವ ಪ್ರಾಣಿಗೆ ಅದು ವಿಷ. ನಮ್ಮ ಹೊಟ್ಟೆಯ ರಚನೆ ಬೇರೆ. ಅನ್ನ ಜಾಸ್ತಿಯಾಯಿತೆಂದು ನಾವು ಅವತ್ತೇ ಮಲಗುವುದಿಲ್ಲ. ಆದರೆ ವರ್ಷಗಟ್ಟಲೆ ಬರೀ ಪಾಲಿಶ್ ಅಕ್ಕಿಯ ಅನ್ನ, ಸಕ್ಕರೆ ಹಾಕಿದ ಟೀ, ಮೈದಾ ತಿಂಡಿಯಲ್ಲೇ ದಿನ ದೂಡಿದರೆ ಸಕ್ಕರೆ ಕಾಯಿಲೆಗೆ ದಾರಿ ಮಾಡಿಕೊಟ್ಟಂತೆ. ಒಂದು ಕಾಲದಲ್ಲಿ ಪೇಟೆಯವರ ಕಾಯಿಲೆ ಎನ್ನುತ್ತಿದ್ದ ಸಕ್ಕರೆ ಕಾಯಿಲೆ ಈಗ ಹಳ್ಳಿಯಲ್ಲೂ ಅಪರೂಪವಲ್ಲ.

ಹಾಲು ಕರೆಯುವವರಿಗೂ ಹೆಚ್ಚುವರಿ ಆಹಾರ ಬೇಕು

ಹಸುವಿನ ಶರೀರ ಪೋಷಣೆಗೆ ಒಂದೂವರೆಯಿಂದ ಎರಡು ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಎಮ್ಮೆಯಾದರೆ ಲೀಟರಿಗೆ 500 ಗ್ರಾಂ. ಈ ಲೆಕ್ಕ ನಿಮಗೆ ಬಾಯಿಪಾಠ. ಗಬ್ಬದ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ, ಒಂದೆರಡು ಕಿಲೋ ಹೆಚ್ಚುವರಿ ಕೊಡುತ್ತೀರಿ. ಹೊಟ್ಟೆಯಲ್ಲಿರುವ ಕರುವಿಗೂ ಬೇಕು, ಮುಂದಿನ ಸೂಲಿಗೂ ಬೇಕು ಎಂಬ ತಿಳಿವಳಿಕೆ ಅದು.

ಮನುಷ್ಯರಲ್ಲೂ ಲೆಕ್ಕ ಹೀಗೆಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ಗರ್ಭಿಣಿಗೆ ದಿನಕ್ಕೆ 350 ಕಿಲೋ ಕ್ಯಾಲೊರಿ ಹೆಚ್ಚುವರಿ ಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು 600 ಕಿಲೋ ಕ್ಯಾಲೊರಿ ಹೆಚ್ಚುವರಿ ಬೇಕು. ಅಂದರೆ ಇನ್ನೊಂದು ಹೊತ್ತಿನ ಒಳ್ಳೆಯ ಊಟ. ಎಷ್ಟು ಮನೆಗಳಲ್ಲಿ ಬಾಣಂತಿಗೆ ಸೊಪ್ಪು ಬೇಡ, ಕಾಳು ಬೇಡ, ನೀರು ಕಡಿಮೆ ಕುಡಿ ಎಂದು ಪಥ್ಯ ಹೇಳುತ್ತಾರೆ! ಈಗಷ್ಟೇ ಕರು ಹಾಕಿದ ಹಸುವಿಗೆ ನೀರು ಕಡಿಮೆ ಕೊಡಿ ಎಂದರೆ ನೀವು ಒಪ್ಪುತ್ತೀರಾ?

ಇನ್ನು ರಕ್ತಹೀನತೆ. ದುಡಿಯುವ ಗಂಡಸಿಗೆ ದಿನಕ್ಕೆ 19 ಮಿಲಿ ಗ್ರಾಂ ಕಬ್ಬಿಣದಂಶ ಬೇಕಾದರೆ, ಅದೇ ವಯಸ್ಸಿನ ಹೆಂಗಸಿಗೆ 29 ಮಿಲಿ ಗ್ರಾಂ ಬೇಕು. ತಿಂಗಳು ತಿಂಗಳು ರಕ್ತ ಹೋಗುವುದರಿಂದ ಈ ವ್ಯತ್ಯಾಸ. ಹೆಂಗಸು ತಿನ್ನುವ ಪ್ರಮಾಣ ಸಾಮಾನ್ಯವಾಗಿ ಗಂಡಸಿಗಿಂತ ಕಡಿಮೆ, ಆದರೆ ಅವರಿಗೆ ಬೇಕಾದ ಕಬ್ಬಿಣದಂಶ ಒಂದೂವರೆ ಪಟ್ಟು. ಹಾಗಾದರೆ ಕಾಳು, ಸೊಪ್ಪು, ಮೊಟ್ಟೆ, ಮಾಂಸ ಮೊದಲು ಯಾರ ತಟ್ಟೆಗೆ ಬೀಳಬೇಕು? ನಮ್ಮಲ್ಲಿ ಆಗುವುದು ಉಲ್ಟಾ. ಗಂಡಸರು, ಮಕ್ಕಳು, ಹಿರಿಯರು ಉಂಡು ಎದ್ದ ಮೇಲೆ ಕೊನೆಗೆ ಕೂರುವವರಿಗೆ ಪಲ್ಯ ಮುಗಿದಿರುತ್ತದೆ, ಸಾರಿನ ಕಾಳು ಮುಗಿದಿರುತ್ತದೆ. ಉಳಿದಿರುವುದು ಅನ್ನ ಮತ್ತು ಸಾರಿನ ನೀರು.

ಫಲಿತಾಂಶ ನಮ್ಮ ಕಣ್ಣೆದುರಿಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಕ್ಕಳಿಗೆ ಇದೆ. ಹಾಲು ಹೊಳೆಯಾಗಿ ಹರಿಯುವ ರಾಜ್ಯದ ಅಂಕಿ ಇದು.

ಉಣ್ಣೆ, ಜಂತುಹುಳು ಜಾಸ್ತಿಯಾದ ಹಸುವನ್ನು ನೋಡುವಾಗ ನಾವು ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇವೆ. ಒಳಭಾಗ ಬಿಳುಚಿಕೊಂಡಿದ್ದರೆ ರಕ್ತ ಕಡಿಮೆ ಎಂದು ನಿಮಗೂ ಗೊತ್ತು. ಮನುಷ್ಯರ ವೈದ್ಯರು ನೋಡುವುದೂ ಅದನ್ನೇ. ಮನೆಯಲ್ಲಿ ಯಾರಿಗಾದರೂ ಬಿಂದಿಗೆ ಎತ್ತಿದರೆ ಏದುಸಿರು, ನಿಂತರೆ ತಲೆ ಸುತ್ತು, ಸದಾ ಸುಸ್ತು, ಕಣ್ಣಿನ ಒಳರೆಪ್ಪೆ ಬಿಳುಪು ಇದ್ದರೆ "ಕೆಲಸ ಜಾಸ್ತಿ, ಅದಕ್ಕೇ" ಎಂದು ಬಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂಗಿಂತ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಕಬ್ಬಿಣದಂಶದ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರನ್ನು ಕೇಳಿ. ಆ ಮಾತ್ರೆಯನ್ನು ಹಾಲು, ಟೀ, ಕಾಫಿ ಜೊತೆ ನುಂಗಬೇಡಿ. ಮೈಗೆ ಹತ್ತುವುದಿಲ್ಲ.

ಊಟಕ್ಕೂ ಇದೇ ಮಾತು. ಊಟದ ಜೊತೆಗೆ ಅಥವಾ ಊಟ ಆದ ಕೂಡಲೇ ಟೀ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬದಲಿಗೆ ಸಾರಿಗೆ, ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟದ ಜೊತೆ ಒಂದು ಸೀಬೆಹಣ್ಣು, ನೆಲ್ಲಿಕಾಯಿ ತಿನ್ನಿ. ಅವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣದಂಶ ಮೈಗೆ ಹತ್ತುವಂತೆ ಮಾಡುತ್ತದೆ. ಕಾಳನ್ನು ಮೊಳಕೆ ಕಟ್ಟಿಸಿ ಮಾಡಿದರೆ ಇನ್ನೂ ಒಳ್ಳೆಯದು.

ಮನೆಗೆ ಎಷ್ಟು ಹಾಲು ಇಟ್ಟುಕೊಳ್ಳಬೇಕು?

ಒಕ್ಕೂಟದಲ್ಲಿ ಕೆಲಸ ಮಾಡುವವರೇ ಹೀಗೆ ಬರೆಯುವುದು ನಿಮಗೆ ವಿಚಿತ್ರ ಎನಿಸಬಹುದು. ಆದರೂ ಹೇಳಲೇಬೇಕು. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಗೆ ಟೀಗಾಗುವಷ್ಟು ಮಾತ್ರ ಇಟ್ಟುಕೊಳ್ಳುವ ಮನೆಗಳು ಬಹಳ ಇವೆ. ಕಾರಣ ನಮಗೆ ಗೊತ್ತು. ಸಂಘದ ಸಾಲದ ಕಂತು, ಮಕ್ಕಳ ಫೀಸು, ಹಿಂಡಿಯ ಬಾಕಿ ಎಲ್ಲವೂ ಹಾಲಿನ ಬಟವಾಡೆಯಿಂದಲೇ ಆಗಬೇಕು.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಒಬ್ಬರಿಗೆ 300 ಮಿಲಿ ಎಂದರೆ ನಾಲ್ಕು ಜನರ ಮನೆಗೆ ಒಂದೂಕಾಲು ಲೀಟರಿನಷ್ಟು. ಕುಡಿಯುವ ಹಾಲು, ಮೊಸರು, ಮಜ್ಜಿಗೆ ಎಲ್ಲ ಸೇರಿ ಇಷ್ಟು. ಹತ್ತು ಹನ್ನೆರಡು ಲೀಟರ್ ಹಾಕುವ ಮನೆಗೆ ಇದು ಹತ್ತರಲ್ಲಿ ಒಂದು ಪಾಲು. ಮೂರು ನಾಲ್ಕು ಲೀಟರ್ ಮಾತ್ರ ಹಾಕುವ ಮನೆಗೆ ಇದು ಭಾರವೇ. ಅಂಥವರು ಅರ್ಧ ಲೀಟರಿನಿಂದ ಶುರು ಮಾಡಿ. ಮೊದಲು ಮಕ್ಕಳಿಗೆ, ಗರ್ಭಿಣಿ ಬಾಣಂತಿಯರಿಗೆ, ಹಲ್ಲಿಲ್ಲದ ಹಿರಿಯರಿಗೆ ಕೊಡಿ.

ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್, ಸುಮಾರು 600 ಮಿಲಿ ಗ್ರಾಂ ಸುಣ್ಣದಂಶ ಇರುತ್ತದೆ. ಸಸ್ಯಾಹಾರಿಗಳಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಬಿ-12 ಜೀವಸತ್ವ ಹಾಲು ಮೊಸರಿನಲ್ಲಿದೆ. ಅದೇ ಅರ್ಧ ಲೀಟರ್ ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಒಂದೆರಡು ಪೊಟ್ಟಣ ಬಿಸ್ಕತ್ತು, ಚಿಪ್ಸ್ ತಂದರೆ ಮನೆಗೆ ಬರುವುದು ಮೈದಾ, ಸಕ್ಕರೆ, ಉಪ್ಪು, ತಾಳೆ ಎಣ್ಣೆ. ಒಳ್ಳೆಯ ಮೇವು ಮಾರಿ ಹೊಟ್ಟು ಕೊಂಡು ತಂದ ವ್ಯಾಪಾರ ಇದು.

ವಯಸ್ಕರಿಗೆ ದಿನಕ್ಕೆ ಬೇಕಾದ ಸುಣ್ಣದಂಶ 1000 ಮಿಲಿ ಗ್ರಾಂ. 300 ಮಿಲಿ ಹಾಲಿನಲ್ಲಿ ಸುಮಾರು 360 ಬಂತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಅಷ್ಟೇ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಒಂದು ಮುದ್ದೆ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಇಷ್ಟರಲ್ಲೇ ಮುಕ್ಕಾಲು ಪಾಲು ಹತ್ತಿರವಾಯಿತು. ನುಗ್ಗೆಸೊಪ್ಪು, ಎಳ್ಳು ಚಟ್ನಿಪುಡಿ ಉಳಿದದ್ದನ್ನು ತುಂಬುತ್ತವೆ. ಹಾಲು ಕೊಡುವ ಹಸುವಿಗೆ ಸುಣ್ಣದಂಶ ಸಾಲದಿದ್ದರೆ ತನ್ನ ಮೂಳೆಯಿಂದ ತೆಗೆದು ಹಾಲಿಗೆ ಕೊಡುತ್ತದೆ. ನಮ್ಮ ತಾಯಂದಿರ ಮೈಯೂ ಹಾಗೆಯೇ ಮಾಡುತ್ತದೆ.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆ. ಹುಟ್ಟಿದ ಕರುವಿಗೆ ಬೇಗನೆ ಗಿಣ್ಣು ಹಾಲು ಕುಡಿಸುವಂತೆ, ಹುಟ್ಟಿದ ಮಗುವಿಗೂ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಸಿಗಬೇಕು. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ ಸಾಕು. ಒಂದು ವರ್ಷ ತುಂಬುವವರೆಗೆ ತಾಯಿ ಹಾಲಿನ ಬದಲಿಗೆ ಹಸುವಿನ ಹಾಲು ಕೊಡಬೇಡಿ. ಎರಡನೆಯದು, ಹಾಲಿನಲ್ಲಿ ಎಲ್ಲ ಇದೆ, ಕಬ್ಬಿಣದಂಶ ಮಾತ್ರ ತೀರ ಕಡಿಮೆ. ಎರಡು ಮೂರು ವರ್ಷದ ಮಗು ಊಟ ಬಿಟ್ಟು ಬರೀ ಹಾಲು ಕುಡಿದುಕೊಂಡಿದ್ದರೆ ಗುಂಡಗೆ ಕಂಡರೂ ರಕ್ತಹೀನತೆ ಬರುತ್ತದೆ. ಹಾಲು ಊಟದ ಜೊತೆಗಾರ, ಊಟದ ಬದಲಿ ಅಲ್ಲ.

ಡೇರಿಗೆ ಆಗದ ಹಾಲು ಮನೆಗೂ ಆಗದು

ಕೆಚ್ಚಲು ಬಾವಿಗೆ ಔಷಧಿ ಕೊಟ್ಟಾಗ ಇಷ್ಟು ದಿನ ಹಾಲು ಡೇರಿಗೆ ಹಾಕಬೇಡಿ ಎಂದು ನಾವು ಹೇಳಿ ಬರುತ್ತೇವೆ. ಕೆಲವರು ಆ ಹಾಲನ್ನು ಚೆಲ್ಲಲು ಮನಸ್ಸು ಬಾರದೆ ಮನೆಗೆ ಬಳಸುತ್ತಾರೆ. ಅದು ತಪ್ಪು. ಔಷಧಿಯ ಉಳಿಕೆ ಕಾಯಿಸಿದರೆ ಪೂರ್ತಿ ಹೋಗುವುದಿಲ್ಲ. ಡೇರಿಯ ಕ್ಯಾನಿಗೆ ಬೇಡವಾದದ್ದು ನಿಮ್ಮ ಮಗುವಿನ ಲೋಟಕ್ಕೂ ಬೇಡ. ಗಡುವು ಮುಗಿಯುವವರೆಗೆ ಮನೆಗೆ ಬೇರೆ ಹಸುವಿನ ಹಾಲು ಬಳಸಿ.

ಹಸಿ ಹಾಲು ಕುಡಿಯುವ ರೂಢಿಯನ್ನೂ ಬಿಡಬೇಕು. ಕರೆದ ಬಿಸಿಗೇ ಕುಡಿದರೆ ಬಲ ಎಂಬ ನಂಬಿಕೆ ಇದೆ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಮತ್ತು ಕ್ಷಯ ಎರಡೂ ಹಸಿ ಹಾಲಿನ ಮೂಲಕ ಮನುಷ್ಯರಿಗೆ ಬರಬಲ್ಲವು. ಬಂದುಹೋಗುವ ಜ್ವರ, ಕೀಲು ನೋವು, ಬೆವರು ಎಂದು ತಿಂಗಳುಗಟ್ಟಲೆ ನರಳುವವರಿದ್ದಾರೆ. ಹಾಲನ್ನು ಚೆನ್ನಾಗಿ ಉಕ್ಕುವಂತೆ ಕಾಯಿಸಿದರೆ ಈ ರೋಗಾಣುಗಳು ಸಾಯುತ್ತವೆ. ನಿಮ್ಮ ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲೋಸಿಸ್ ಲಸಿಕೆ ಹಾಕಿಸಿ. ಕಂದು ಹಾಕಿದ ಹಸುವಿನ ಕಸ, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನೊಂದು ಮಾತು. ಬೂಸ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳವನ್ನು ಮನೆಯವರು ತಿನ್ನಬಾರದೆಂದು ಹಸುವಿಗೆ ಹಾಕುತ್ತೇವೆ. ಆ ಬೂಸ್ಟಿನ ವಿಷ ಹಾಲಿನಲ್ಲಿ ಇಳಿದು ಮತ್ತೆ ನಮ್ಮ ತಟ್ಟೆಗೇ ಬರುತ್ತದೆ. ಅದನ್ನು ಇಬ್ಬರಿಗೂ ಕೊಡಬೇಡಿ.

ಒಟ್ಟಿಗೆ ಕೂತು ಉಣ್ಣುವುದು ಏಕೆ?

ಒಂದೇ ಗೋದಲಿಯಲ್ಲಿ ನಾಲ್ಕು ಹಸು ಕಟ್ಟಿದರೆ ಜೋರಿನ ಹಸು ಪಕ್ಕದ್ದರ ಪಾಲನ್ನೂ ಎಳೆದುಕೊಳ್ಳುತ್ತದೆ. ಮೆತ್ತನೆಯದು ಸೊರಗುತ್ತದೆ. ಅದಕ್ಕೇ ಹಿಂಡಿಯನ್ನು ಬೇರೆ ಬೇರೆ ಬಾನಿಯಲ್ಲಿ, ನಿಂತು ನೋಡಿಕೊಂಡು ಕೊಡುತ್ತೀರಿ. ಮನೆಯಲ್ಲಿ ಯಾರೂ ಯಾರ ಪಾಲನ್ನೂ ಎಳೆದುಕೊಳ್ಳುವುದಿಲ್ಲ, ನಿಜ. ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ಒಬ್ಬರು ಟಿವಿ ಮುಂದೆ, ಒಬ್ಬರು ಮೊಬೈಲ್ ಹಿಡಿದು, ಒಬ್ಬರು ಒಲೆಯ ಪಕ್ಕ ನಿಂತು ಉಂಡರೆ ಯಾರಿಗೆ ಎಷ್ಟು ಸಿಕ್ಕಿತು ಎಂದು ನೋಡುವವರೇ ಇರುವುದಿಲ್ಲ. ಪಾಲು ತಾನಾಗಿಯೇ ತಪ್ಪುತ್ತದೆ.

ಪಾತ್ರೆಗಳನ್ನೆಲ್ಲ ನಡುವೆ ಇಟ್ಟು, ಎಲ್ಲರ ತಟ್ಟೆಗೂ ಒಮ್ಮೆಗೇ ಬಡಿಸಿ, ಬಡಿಸಿದವರೂ ಕೂತರೆ ಮೂರು ಕೆಲಸ ಆಗುತ್ತದೆ.

ಮೊದಲನೆಯದು, ಕಾಳು, ಪಲ್ಯ, ಮೊಟ್ಟೆ ಎಲ್ಲರಿಗೂ ಸಮನಾಗಿ ಬರುತ್ತದೆ. ಸಾಲದಿದ್ದರೆ ಸಾಲದು ಎಂದು ಎಲ್ಲರಿಗೂ ಗೊತ್ತಾಗುತ್ತದೆ, ನಾಳೆ ಒಂದು ಹಿಡಿ ಹೆಚ್ಚು ನೆನೆಹಾಕುತ್ತಾರೆ. ಕೊನೆಗೆ ಉಣ್ಣುವವರು ಹೊಟ್ಟೆ ಕಟ್ಟಿಕೊಂಡರೆ ಆ ಕೊರತೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಎರಡನೆಯದು, ಮಕ್ಕಳು ಕಲಿಯುತ್ತಾರೆ. ಕರು ತಾಯಿಯ ಪಕ್ಕ ನಿಂತು ಮೂತಿ ಹಾಕಿಯೇ ಹುಲ್ಲು ತಿನ್ನಲು ಕಲಿಯುತ್ತದೆ. ಅಪ್ಪ ಸೊಪ್ಪಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿದರೆ ಮಗನೂ ತಳ್ಳುತ್ತಾನೆ. ಅಪ್ಪ ತಿಂದರೆ, ಇವತ್ತಲ್ಲದಿದ್ದರೆ ಹತ್ತನೇ ಸಲ ಅವನೂ ತಿನ್ನುತ್ತಾನೆ. ಬೈದು ತಿನ್ನಿಸಬೇಡಿ. ಹೆದರಿಸಿದ ಹಸು ಹಾಲು ಏರಿಸಿಕೊಳ್ಳುತ್ತದೆ, ತೊರೆ ಬಿಡುವುದಿಲ್ಲ ಎಂಬುದು ನಿಮ್ಮ ಅನುಭವ. ಊಟದ ಹೊತ್ತಿನಲ್ಲಿ ಮಾರ್ಕ್ಸ್ ಕಾರ್ಡಿನ ಮಾತೆತ್ತಿದರೆ ಹುಡುಗನೂ ಅರ್ಧ ಊಟಕ್ಕೇ ಏಳುತ್ತಾನೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಕಾಯಿಲೆ ಬೇಗ ಕಣ್ಣಿಗೆ ಬೀಳುತ್ತದೆ. ಅಜ್ಜ ಕಾಳು ಅಗಿಯಲಾಗದೆ ಎತ್ತಿಡುತ್ತಿದ್ದಾರೆ, ಅಮ್ಮನಿಗೆ ಎರಡು ತಿಂಗಳಿಂದ ಊಟ ಸೇರುತ್ತಿಲ್ಲ, ಮಗಳು ನಾಲ್ಕು ತುತ್ತಿಗೆ ಏಳುತ್ತಿದ್ದಾಳೆ, ಇವರಿಗೆ ಪದೇ ಪದೇ ಬಾಯಾರಿಕೆ. ಇವೆಲ್ಲ ದಿನಾ ಎದುರು ಕೂತವರಿಗೆ ಮಾತ್ರ ಕಾಣುವ ವಿಷಯ. ಹಸು ಒಂದು ಹೊತ್ತು ಮೇವು ಬಿಟ್ಟರೆ ಫೋನ್ ಮಾಡುವ ನಾವು, ಮನೆಯವರು ಆರು ತಿಂಗಳು ಅರೆಹೊಟ್ಟೆ ಉಂಡರೂ ತಿಳಿಯದೆ ಇರುವುದಕ್ಕೆ ಕಾರಣ ಪ್ರೀತಿ ಇಲ್ಲದಿರುವುದಲ್ಲ, ನೋಡುವ ಅವಕಾಶ ಇಲ್ಲದಿರುವುದು.

ಬೆಳಗ್ಗೆ ಇದು ಆಗುವ ಮಾತಲ್ಲ ಎಂದು ನನಗೆ ಗೊತ್ತು. ಹಾಲು ಕರೆಯಬೇಕು, ಡೇರಿಯ ಹೊತ್ತಿಗೆ ಹೋಗಬೇಕು, ಮಕ್ಕಳ ಬಸ್ಸು ಬರುತ್ತದೆ. ಆದರೆ ಸಂಜೆಯ ಹಾಲು ಹಾಕಿ ಬಂದ ಮೇಲೆ, ಎಂಟು ಗಂಟೆ ಹೊತ್ತಿಗೆ, ಅರ್ಧ ಗಂಟೆ ಸಿಗುತ್ತದೆ. ಅದಕ್ಕೆ ಒಂದು ಷರತ್ತು ಇದೆ. ಹಾಲು ಕರೆಯುವುದು, ಸಗಣಿ ಬಾಚುವುದು, ಅಡುಗೆ ಮಾಡುವುದು ಮೂರೂ ಒಬ್ಬರದೇ ಕೆಲಸವಾಗಿದ್ದರೆ ಅವರು ಎಂಟಕ್ಕೆ ಕೂರಲಾರರು. ಕ್ಯಾನು ತೊಳೆಯುವುದು, ರಾತ್ರಿಯ ಮೇವು ಹಾಕುವುದು, ತಟ್ಟೆ ಇಟ್ಟು ನೀರು ತುಂಬಿಸುವುದು ಗಂಡಸರು, ದೊಡ್ಡ ಮಕ್ಕಳು ಹಂಚಿಕೊಂಡರೆ ಮಾತ್ರ ಇದು ನಡೆಯುತ್ತದೆ.

ಮೇವಿನ ತಾಕಿನ ಪಕ್ಕ ಒಂದು ಸೊಪ್ಪಿನ ಮಡಿ

ಹಸಿರು ಮೇವಿಗೆಂದು ಹತ್ತು ಗುಂಟೆ ಬಿಟ್ಟಿದ್ದೀರಿ. ಅದರ ಬದಿಯಲ್ಲಿ, ಕೊಟ್ಟಿಗೆ ತೊಳೆದ ನೀರು ಹರಿಯುವ ಜಾಗದ ಹತ್ತಿರ ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ನಿಂಬೆ, ಒಂದು ಕರಿಬೇವು ನೆಡಿ. ಮೂರು ಮಡಿ ದಂಟು, ಮೆಂತ್ಯ, ಸಬ್ಬಸಿಗೆ ಹಾಕಿ. ಗೊಬ್ಬರಕ್ಕೆ ನಿಮಗೆ ಬರವಿಲ್ಲ. ಸೊಪ್ಪಿಗೆ ಕೊಟ್ಟಿಗೆಯ ನೀರು ನೇರ ತಾಗದಂತೆ ಬುಡಕ್ಕೆ ಬಿಡಿ, ಕೊಯ್ದ ಮೇಲೆ ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ತಾನಾಗಿ ಬರುವ ಅಣ್ಣೆ, ಹೊನಗೊನ್ನೆ ಸೊಪ್ಪನ್ನು ಗುರುತಿಸುವ ಹಿರಿಯರು ಇನ್ನೂ ಇದ್ದಾರೆ, ಅವರಿಂದ ಕಲಿಯಿರಿ. ಕಳೆನಾಶಕ ಹೊಡೆದ ಹೊಲದಿಂದ ಮಾತ್ರ ಕೀಳಬೇಡಿ. ಆ ಬದುವಿನ ಹುಲ್ಲು ಹಸುವಿಗೂ ಬೇಡ.

ಹೊಸ ಅಡುಗೆ ಏನೂ ಕಲಿಯಬೇಕಿಲ್ಲ. ಬೆರಕೆ ಸೊಪ್ಪಿನ ಮಸ್ಸೊಪ್ಪು, ಕಾಳು ಹಾಕಿದ ಬಸ್ಸಾರು ಮತ್ತು ಅದರ ಪಲ್ಯ, ಹುರುಳಿ ಸಾರು, ಅಕ್ಕಿ ರೊಟ್ಟಿಗೆ ಸಬ್ಬಸಿಗೆ, ಬೆಳಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ. ಇವೆಲ್ಲ ನಿಮ್ಮ ಮನೆಯ ಅಡುಗೆಗಳೇ. ಹಬ್ಬದ ಒಬ್ಬಟ್ಟು, ಪಾಯಸ ಬಿಡಿ ಎಂದು ನಾನು ಹೇಳುವುದಿಲ್ಲ. ದಿನನಿತ್ಯದ ತಟ್ಟೆ ಸರಿಯಿದ್ದರೆ ಹಬ್ಬದ ಊಟ ಯಾರಿಗೂ ಕೆಡುಕು ಮಾಡದು. ಸಕ್ಕರೆ ಕಾಯಿಲೆ ಇರುವವರು ಮಾತ್ರ ವೈದ್ಯರ ಮಾತು ಕೇಳಿ. ಉಪ್ಪು ಎಲ್ಲ ಸೇರಿ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ದಾಟದಿರಲಿ. ಉಪ್ಪಿನಕಾಯಿ, ಹಪ್ಪಳ, ಪೊಟ್ಟಣದ ತಿಂಡಿಯಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ.

ಈ ವಾರದಿಂದಲೇ ಮಾಡಬಹುದಾದದ್ದು

1. ಕರೆದ ಹಾಲಿನಲ್ಲಿ ಮನೆಯ ಪಾಲನ್ನು ಮೊದಲು ಬೇರೆ ಪಾತ್ರೆಗೆ ತೆಗೆದಿಡಿ, ಆಮೇಲೆ ಡೇರಿಯ ಕ್ಯಾನಿಗೆ ಹಾಕಿ. ಕೊನೆಗೆ ಉಳಿದರೆ ಇಡೋಣ ಎಂದರೆ ಎಂದೂ ಉಳಿಯುವುದಿಲ್ಲ.
2. ಮನೆಯ ಹಾಲನ್ನು ತಪ್ಪದೆ ಕಾಯಿಸಿ. ಔಷಧಿ ಕೊಟ್ಟ ಹಸುವಿನ ಹಾಲನ್ನು ಹೇಳಿದಷ್ಟು ದಿನ ಯಾರೂ ಬಳಸಬೇಡಿ.
3. ದಿನಕ್ಕೆ ಒಂದು ಹೊತ್ತಾದರೂ ಕಾಳು, ಒಂದು ಹೊತ್ತಾದರೂ ಸೊಪ್ಪು ಇರಲಿ. ವಾರದಲ್ಲಿ ನಾಲ್ಕು ದಿನವಾದರೂ ರಾಗಿ ಇಲ್ಲವೇ ಜೋಳ ಇರಲಿ.
4. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಬಿಡಿ.
5. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಿ. ಟಿವಿ, ಮೊಬೈಲ್ ಆ ಅರ್ಧ ಗಂಟೆ ದೂರ ಇರಲಿ. ಅಡುಗೆ ಮಾಡಿದವರು ಕೂರುವವರೆಗೆ ಯಾರೂ ಮೊದಲ ತುತ್ತು ಎತ್ತಬೇಡಿ.
6. ಮನೆಯ ಹೆಣ್ಣುಮಕ್ಕಳೆಲ್ಲರ ಹಿಮೋಗ್ಲೋಬಿನ್ ಈ ತಿಂಗಳು ಒಮ್ಮೆ ಪರೀಕ್ಷೆ ಮಾಡಿಸಿ.

ಕೃತಕ ಗರ್ಭಧಾರಣೆಯ ದಿನಾಂಕ, ಲಸಿಕೆಯ ದಿನಾಂಕ, ಕರು ಹಾಕುವ ದಿನಾಂಕ ಎಲ್ಲವನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವವರು ನೀವು. ಅದರ ಪಕ್ಕದಲ್ಲೇ ಮನೆಯವರ ಹಿಮೋಗ್ಲೋಬಿನ್ ಎಷ್ಟು ಎಂದು ಬರೆಯಿರಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅದರ ಮುಂದೆ ಬರೆಯಿರಿ. ಮುಂದಿನ ಸಲ ಹಸು ನೋಡಲು ನಿಮ್ಮ ಮನೆಗೆ ಬಂದಾಗ ಆ ಅಂಕಿಯನ್ನೂ ಕೇಳುತ್ತೇನೆ.

– ಪಶುವೈದ್ಯಾಧಿಕಾರಿ